ಒಳಕೊಳವೆಯ ಹೊಳಪು

ಬೆಳಿಗ್ಗೆ ಒಂಬತ್ತೂವರೆಗೆ ನಾನು ಕಂಟ್ರೋಲ್ ರೂಮಿಗೆ ಬಂದಾಗ ಪರದೆಯ ಮೇಲೆ ನೂರ ಹದಿನೆಂಟು ಎಂದಿತ್ತು. ಇರಬೇಕಾದದ್ದು ಇನ್ನೂರು.

"ಐದು ಗಂಟೆಯಿಂದ ಇದೇ ಹಾಡು ಮೇಡಂ," ಎಂದ ಹಿಂದಿನ ಪಾಳಿಯ ಆಪರೇಟರ್, ಕುರ್ಚಿ ಬಿಟ್ಟೇಳುತ್ತ. "ನೂರ ಹದಿನೇಳು, ನೂರ ಹದಿನೆಂಟು, ಮತ್ತೆ ನೂರ ಹದಿನೇಳು. ನಿಮ್ಮ ಕೈಗುಣ ನೋಡೋಣ."

ಅವನು ನನಗಿಂತ ಒಂದು ಅಡಿ ಎತ್ತರ. ಹೋಗುವ ಮುನ್ನ ಕುರ್ಚಿಯನ್ನು ನನ್ನ ಎತ್ತರಕ್ಕೆ ಇಳಿಸಿಟ್ಟು ಹೋದ. ಎಂಟು ವರ್ಷದಲ್ಲಿ ಒಂದು ದಿನವೂ ಅವನು ಅದನ್ನು ಮರೆತದ್ದಿಲ್ಲ.

ನಮ್ಮದು ಕ್ಯಾನ್ಸರ್ ಚಿಕಿತ್ಸೆಯ ಆಕ್ಸಿಲರೇಟರ್. ಮೇಲಿನ ಮಹಡಿಯಲ್ಲಿ ರೋಗಿ ಮಲಗುತ್ತಾರೆ. ನಡುವಿನ ಮಹಡಿಯಲ್ಲಿ, ಆಟದ ಮೈದಾನದಷ್ಟು ದೊಡ್ಡ ಉಂಗುರದೊಳಗೆ ಕಾರ್ಬನ್ ಅಯಾನುಗಳು ಸುತ್ತಿ ಸುತ್ತಿ ವೇಗ ಪಡೆದು ಮೇಲೆ ಹೋಗಿ ಗಡ್ಡೆಗೆ ತಾಗುತ್ತವೆ. ಅವು ಹುಟ್ಟುವುದು ಮಾತ್ರ ನೆಲಮಾಳಿಗೆಯ ಒಂದು ಚಿಕ್ಕ ಕೋಣೆಯಲ್ಲಿ. ಅಲ್ಲಿ ದಪ್ಪ ಆಯಸ್ಕಾಂತಗಳ ನಡುವೆ ಮೊಳದುದ್ದದ ಅಲ್ಯೂಮಿನಿಯಂ ಕೊಳವೆಯೊಂದಿದೆ, ಮುಷ್ಟಿ ತೂರುವಷ್ಟು ಅಗಲ. ಅದರೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಚಿಟಿಕೆಯಷ್ಟು ಮೀಥೇನ್ ಬಿಟ್ಟು, ಮೈಕ್ರೋವೇವ್ ಹಾಯಿಸಿದರೆ ಅನಿಲ ಬೆಳಗುತ್ತದೆ. ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಂಡು ಅಯಾನುಗಳಾಗಿ ಹೊರಬೀಳುತ್ತವೆ. ಇದಕ್ಕೆ ಅಯಾನು ಮೂಲ ಎಂದು ಹೆಸರು. ನಾವು ಬರೀ ಮೂಲ ಎನ್ನುತ್ತಿದ್ದೆವು. ಪರದೆಯ ಮೇಲಿನ ಸಂಖ್ಯೆ ಅದು ಎಷ್ಟು ಅಯಾನು ಕೊಡುತ್ತಿದೆ ಎನ್ನುವುದರ ಅಳತೆ. ಮೂಲ ಸೊರಗಿತೆಂದರೆ ಮೇಲಿನ ಅಷ್ಟು ದೊಡ್ಡ ಕಟ್ಟಡ ಬರೀ ಸಿಮೆಂಟು.

ಆ ದಿನದ ಪಟ್ಟಿಯಲ್ಲಿ ಒಬ್ಬರೇ ರೋಗಿ ಇದ್ದರು. ಬಸ್ ಡ್ರೈವರ್, ನಲವತ್ತಾರು ವರ್ಷ. ತಲೆಬುರುಡೆಯ ತಳದಲ್ಲಿ, ಕಣ್ಣಿನ ನರಕ್ಕೆ ಅಂಟಿಕೊಂಡಂತೆ ಗಡ್ಡೆ. ಹದಿನಾರು ಸಲ ಕಿರಣ ಕೊಡಬೇಕಿತ್ತು. ವಾರ್ಷಿಕ ದುರಸ್ತಿಗೆ ಯಂತ್ರ ನಿಲ್ಲಿಸುವ ಮೊದಲೇ ಹದಿನಾರೂ ಮುಗಿಯಬೇಕಿತ್ತು, ಆದರೆ ನಡುವೆ ಜ್ವರ ಬಂದು ಹಿಂದೆ ಬಿದ್ದರು; ಎಂಟಕ್ಕೆ ನಿಂತಿತ್ತು. ಮೂರು ದಿನದ ದುರಸ್ತಿ ನಾಲ್ಕಾಯಿತು. ಅಂತರ ಐದು ದಿನ ದಾಟಕೂಡದು ಎಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು. ದಾಟಿದರೆ ಗಡ್ಡೆ ಚೇತರಿಸಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಕೊಡೋಣವೆಂದರೆ ಕಣ್ಣಿನ ನರ ಎರಡನೇ ಸಲ ತಾಳುವುದಿಲ್ಲ. ಉಳಿದ ಹತ್ತು ರೋಗಿಗಳಿಗೆ ಮುಂದಿನ ವಾರ ಶುರು. ಇವರಿಗೆ ಇವತ್ತೇ ಆಗಬೇಕು, ಇವತ್ತು ಐದನೆಯ ದಿನ.

ಇವತ್ತೆಂದರೂ ಸಂಜೆ ಆರರೊಳಗೆ. ಆರಕ್ಕೆ ವಿದ್ಯುತ್ ಇಲಾಖೆಯವರು ನಮ್ಮ ಮುಖ್ಯ ಕೇಬಲ್ ಬದಲಿಸಲು ಲೈನ್ ತೆಗೆಯುವವರಿದ್ದರು. ತಿಂಗಳ ಹಿಂದೆ ಗೊತ್ತಾದ ಸಮಯ. ಮುಂದೂಡಿ ಎಂದು ನಾವು ಬೇಡಿಕೊಂಡರೂ ಅವರು ಜಗ್ಗಿರಲಿಲ್ಲ. ನಮ್ಮ ಬೆನ್ನಿಗೆ ಇಡೀ ಬಡಾವಣೆ ಸರದಿಯಲ್ಲಿ ನಿಂತಿತ್ತು.

ಇನ್ನೂರು ಇದ್ದರೆ ಇಪ್ಪತ್ತನಾಲ್ಕು ನಿಮಿಷದಲ್ಲಿ ಚಿಕಿತ್ಸೆ ಮುಗಿಯುತ್ತದೆ. ಕಡಿಮೆಯಾದಷ್ಟೂ ಹೆಚ್ಚು ಹೊತ್ತು. ನೂರೈವತ್ತಕ್ಕಿಂತ ಕೆಳಗೆ ಯಂತ್ರವೇ ಒಪ್ಪುವುದಿಲ್ಲ. ಅಷ್ಟೂ ಹೊತ್ತು ರೋಗಿಯ ಮುಖಕ್ಕೆ ಬಲೆಯಂಥ ಗಟ್ಟಿ ಮುಖವಾಡ ಹಾಕಿ ಹಲಗೆಗೆ ಬಿಗಿದಿರುತ್ತಾರೆ, ತಲೆ ಕೂದಲೆಳೆಯಷ್ಟೂ ಅಲುಗದಂತೆ. ಡ್ರೈವರಿಗೆ ಗಂಟಲಲ್ಲಿ ಕಫ ಕಟ್ಟುತ್ತಿತ್ತು. ಅರ್ಧ ಗಂಟೆಯ ಮೇಲೆ ಅವರಿಂದ ಆಗದು ಎಂದು ಮೇಲಿನವರು ಮೊದಲೇ ಹೇಳಿದ್ದರು.

ಹತ್ತು ಗಂಟೆಗೆ ಚಿಕಿತ್ಸೆಯ ಕೋಣೆಯ ಹುಡುಗಿ ಫೋನ್ ಮಾಡಿದಳು. ರೋಗಿಗಳನ್ನು ಮಲಗಿಸಿ ಮುಖವಾಡ ಹಾಕುವುದು ಅವಳ ಕೆಲಸ. ಹಾಕುವ ಮುನ್ನ ಅದನ್ನು ತನ್ನ ಎರಡು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಾಳೆಂದು ಕೇಳಿದ್ದೆ.

"ಅಮ್ಮಾ, ಡ್ರೈವರಣ್ಣ ಬಂದಾಯ್ತು. ಅವರ ಅತ್ತಿಗೇನೂ ಬಂದಿದ್ದಾರೆ."

"ಸಂಜೆ ಐದು ಗಂಟೆ ಅಂತ ಹೇಳಿದ್ವಲ್ಲ?"

"ಬಸ್ಸು ಓಡಿಸೋರು ಅಲ್ವಾ, ಮುಂಚೇನೇ ಬಂದು ಸ್ಟ್ಯಾಂಡಲ್ಲಿ ನಿಲ್ಲಿಸ್ಕೊಂಡಿದ್ದಾರೆ. ಏನು ಹೇಳ್ಲಿ?"

"ಕೆಲಸ ನಡೀತಿದೆ ಅಂತ ಹೇಳು. ಅದು ಸುಳ್ಳಲ್ಲ."

ಅತ್ತಿಗೆಯನ್ನು ನಾನು ಎರಡು ಸಲ ಕಾರಿಡಾರಿನಲ್ಲಿ ನೋಡಿದ್ದೆ. ಡ್ರೈವರನ ಅಣ್ಣ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಂಬತ್ತು ವರ್ಷದ ಮೈದುನನನ್ನು ಸಾಕಿ ದೊಡ್ಡವನನ್ನು ಮಾಡಿದ್ದು ಆಕೆಯೇ.

ಹನ್ನೊಂದೂಕಾಲಿಗೆ ಪಾಯಿಂಟ್ ಸಾಹೇಬರು ನೆಲಮಾಳಿಗೆಯಿಂದ ಮೇಲೆ ಬಂದರು. ಮೂಲದ ಜವಾಬ್ದಾರಿ ಹೊತ್ತ ಎಂಜಿನಿಯರು, ನಮ್ಮಲ್ಲಿಗೆ ಬಂದು ಮೂರು ವರ್ಷವಾಗಿತ್ತು. ತಲೆನೋವು ಹೇಗಿದೆ ಸಾರ್ ಎಂದರೆ ಏಳು ಪಾಯಿಂಟ್ ಐದು ಎನ್ನುವ ಮನುಷ್ಯ. ಹಾಗಾಗಿ ಆ ಹೆಸರು. ಬೆಳಗಿನ ಐದರಿಂದ ಅನಿಲ ಹೆಚ್ಚಿಸಿ, ತಗ್ಗಿಸಿ, ಆಯಸ್ಕಾಂತಗಳನ್ನು ತಿರುಗಿಸಿ ಮುರುಗಿಸಿ, ಎಲ್ಲವನ್ನೂ ನೋಡಿದ್ದರು. ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಮೇಡಂ, ಬಿಚ್ಚಿಬಿಡ್ತೀನಿ," ಎಂದರು. "ಅಯಾನುಗಳನ್ನ ಹೊರಗೆಳೆಯೋ ಎಲೆಕ್ಟ್ರೋಡು ವಾರೆ ಕೂತಿರ್ಬೇಕು. ಬೇರೆ ಏನೂ ಉಳಿದಿಲ್ಲ."

"ಬಿಚ್ಚಿದ್ರೆ ಮತ್ತೆ ಗಾಳಿ ಹೀರಿಸೋಕೆ ಒಂದು ದಿನ."

"ಒಂದು ಪಾಯಿಂಟ್ ಐದು."

"ಡ್ರೈವರು?"

ಅವರು ನನ್ನ ಮುಖ ನೋಡಲಿಲ್ಲ. "ಹನ್ನೆರಡಕ್ಕೆ ಡಾಕ್ಟರಿಗೆ ನಾನೇ ಫೋನ್ ಮಾಡ್ತೀನಿ. ಆಗಲ್ಲ ಅಂತ ಗೊತ್ತಿದ್ದೂ ಸಂಜೆವರೆಗೆ ಕೂರಿಸೋದು ತಪ್ಪು."

"ಹೊಳಪಣ್ಣ ಏನಂತಾನೆ?" ಎಂದೆ. ಮೂಲವನ್ನು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಅವನು.

"ಅವನೇನಂತಾನೆ. ಎಲ್ಲ ಸರಿಯಾಗೇ ಇಟ್ಟಿದ್ದೀನಿ ಅಂತಾನೆ. ಮುಖ ಉಬ್ಬಿಸ್ಕೊಂಡು ಕೂತಿದ್ದಾನೆ."

ಟೀ ಫ್ಲಾಸ್ಕು ಎತ್ತಿಕೊಂಡು, ಹತ್ತು ನಿಮಿಷ ಕುರ್ಚಿ ನೋಡಿಕೊಳ್ಳಿ ಎಂದು ಅವರಿಗೆ ಹೇಳಿ ನಾನು ಕೆಳಗಿಳಿದೆ. ಏನಾದರೂ ಸಿಕ್ಕೀತು ಎಂದೇನೂ ಅಲ್ಲ. ಇನ್ನರ್ಧ ಗಂಟೆಯಲ್ಲಿ ಒಬ್ಬ ಮನುಷ್ಯನ ಕಣ್ಣಿನ ತೀರ್ಮಾನ ಆಗುವುದಿತ್ತು. ಪರದೆಯ ಮುಂದೆ ಕೈಕಟ್ಟಿ ಕೂರಲು ನನ್ನಿಂದ ಆಗಲಿಲ್ಲ.

ಹೊಳಪಣ್ಣ ಮೂಲದ ಕೋಣೆಯ ಹೊರಗಿನ ಮೇಜಿನ ಮೇಲೆ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಬಿಚ್ಚುವುದಕ್ಕೆ ತಯಾರಿ. ಆರು ತಿಂಗಳ ಹಿಂದೆ ನಮ್ಮಲ್ಲಿಗೆ ಬರುವ ಮುಂಚೆ ಅವನು ಡೈರಿಯೊಂದರಲ್ಲಿ ಹಾಲಿನ ಟ್ಯಾಂಕುಗಳನ್ನು ನೋಡಿಕೊಳ್ಳುತ್ತಿದ್ದ, ಇಪ್ಪತ್ತು ವರ್ಷ. ಅಲ್ಲಿಂದ ಬಂದ ಅಭ್ಯಾಸ, ಅವನ ಕೈ ತಾಗಿದ್ದೆಲ್ಲ ಫಳಫಳ. ನೆಲಮಾಳಿಗೆಯ ಬಾಗಿಲ ಹಿಡಿಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

"ಬನ್ನಿ ಅಕ್ಕ. ಸಾಹೇಬ್ರಿಗೆ ನನ್ನ ಕೆಲಸದ ಮೇಲೆ ಅನುಮಾನ ಬಂದಿದೆ."

"ಅನುಮಾನ ಅಲ್ಲಪ್ಪ. ಅಲ್ಲಿ ನೂರ ಹದಿನೆಂಟು ತೋರಿಸ್ತಿದೆ."

"ಎಲೆಕ್ಟ್ರೋಡು ನೆಟ್ಟಗಿದೆ, ಮೂರು ಸಲ ಅಳತೆ ನೋಡಿದ್ದೀನಿ. ಸೀಲುಗಳು ಹೊಸವು. ಒಳಕೊಳವೆಯಂತೂ ಕನ್ನಡಿ."

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ನನ್ನ ಕೈ ನಿಂತಿತು. "ಕನ್ನಡಿ ಅಂದ್ರೆ?"

ಅವನ ಮುಖ ಮೊದಲ ಸಲ ಅರಳಿತು. ಜೇಬಿನಿಂದ ಫೋನು ತೆಗೆದು ಫೋಟೋ ತೋರಿಸಿದ. ಕೊಳವೆಯ ಒಳಗೋಡೆ ಬೆಳ್ಳಿಯ ಹಾಗೆ ಮಿನುಗುತ್ತಿತ್ತು.

"ಹನ್ನೊಂದು ವರ್ಷದ ಕೊಳೆ ಅಕ್ಕ. ಬೂದಿ ಬಣ್ಣಕ್ಕೆ ತಿರುಗಿ, ಹಾಲು ತಳ ಹಿಡಿದ ಪಾತ್ರೆ ಥರ ಆಗಿತ್ತು. ಸ್ಪಿರಿಟ್ ಹಾಕಿ ಒರೆಸಿ ಅಂತ ಕಾಗದದಲ್ಲಿ ಬರೆದಿತ್ತು. ಒರೆಸಿದ್ರೆ ಹೋಗೋ ಥರ ಇರ್ಲಿಲ್ಲ ಅದು. ಎರಡು ದಿನ ಕೂತು ನಯವಾದ ಪುಡಿ ಹಾಕಿ ಉಜ್ಜಿದೆ. ಒಂದು ದಿನ ತಡ ಆಗಿದ್ದು ಅದಕ್ಕೇ. ನೋಡಿ, ನನ್ನ ಮೀಸೆ ಕಾಣ್ತಿದೆ."

ಸ್ಟೂಲು ಎಳೆದುಕೊಂಡು ಕುಳಿತೆ.

"ಏನಾಯ್ತಕ್ಕ, ನೀರು ಬೇಕಾ?"

"ನೀನೂ ಕೂತ್ಕೋ," ಎಂದೆ.

ನಮ್ಮ ಯಂತ್ರ ಹೊಸದಾಗಿ ಬಂದಾಗ ಈ ಮೂಲ ನಮ್ಮನ್ನು ಬಹಳ ಅಳಿಸಿತ್ತು. ಹೊಸ ಕೊಳವೆ, ಹೊಳೆಯುವ ಲೋಹ, ಎಷ್ಟು ತಿಣುಕಿದರೂ ನೂರ ಇಪ್ಪತ್ತು ದಾಟುತ್ತಿರಲಿಲ್ಲ. ಆಗ ಇದ್ದ ಹಿರಿಯ ವಿಜ್ಞಾನಿ ಒಳಗೆ ಆಕ್ಸಿಜನ್ ಬಿಟ್ಟು, ಮೈಕ್ರೋವೇವ್ ಏರಿಸಿ, ದಿನಗಟ್ಟಲೆ ಸುಮ್ಮನೆ ಉರಿಸಿದರು. ಅಲ್ಯೂಮಿನಿಯಂ ಆಕ್ಸಿಜನ್ ಕುಡಿದು ಮೈಮೇಲೊಂದು ಚರ್ಮ ಕಟ್ಟಿಕೊಂಡಿತು. ಒಳಗೆ ಬೆಳಗುವ ಅನಿಲಕ್ಕೆ ಎಲೆಕ್ಟ್ರಾನು ಕಡಿಮೆ ಬಿದ್ದಾಗಲೆಲ್ಲ ಆ ಚರ್ಮ ತನ್ನಿಂದ ಕೊಡುತ್ತಿತ್ತು. ಬರಿಯ ಲೋಹ ಅಷ್ಟು ಧಾರಾಳಿಯಲ್ಲ. ಬೂದಿ ಬಣ್ಣ ಬಂದ ಮೇಲೆಯೇ ನಾವು ಇನ್ನೂರು ಕಂಡದ್ದು. ಆ ವಿಜ್ಞಾನಿ ನಿವೃತ್ತರಾದರು. ಪಾಯಿಂಟ್ ಸಾಹೇಬರು ಮೊದಲಿದ್ದ ಕಡೆ ಸ್ಟೀಲಿನ ಕೊಳವೆ. ಒರೆಸಿ ಎಂದು ಕಾಗದದಲ್ಲಿ ಬರೆದವರಿಗೆ, ಇದನ್ನು ಉಜ್ಜಬೇಡಿ ಎಂದೂ ಬರೆಯಬೇಕೆಂದು ಹೊಳೆದಿರಲಿಲ್ಲ. ಹಾಗೆ ಉಜ್ಜುವಷ್ಟು ಶ್ರದ್ಧೆಯ ಮನುಷ್ಯ ಸಿಕ್ಕಾನೆಂದು ಯಾರು ಎಣಿಸಿದ್ದರು.

ಇಷ್ಟನ್ನೂ ಹೊಳಪಣ್ಣನಿಗೆ ಹೇಳಿದೆ. ಅವನು ಫೋನಿನ ಪರದೆ ಆರುವವರೆಗೂ ಆ ಫೋಟೋವನ್ನೇ ನೋಡುತ್ತಿದ್ದ.

"ಅಂದ್ರೆ ಕೆಡಿಸಿದ್ದು ನಾನು."

"ನಿನಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಮಾಡಿದ್ರೆ ಅವರ ಕಣ್ಣು ಬೇರೆ ಥರ ಹೋಗುತ್ತಾ ಅಕ್ಕ."

ಆಗ ಆ ಚರ್ಮ ಕಟ್ಟಲು ನಾಲ್ಕು ದಿನ ಹಿಡಿದಿತ್ತು, ಈಗ ಇರುವುದು ಆರೇ ಗಂಟೆಯ ಹೊತ್ತು. ಸುಮ್ಮನೆ ಕೇಳಿದೆ, "ಪೂರ್ತಿ ಉಜ್ಜಿದ್ಯಾ? ಉದ್ದಕ್ಕೂ?"

ಅವನು ತಲೆ ತಗ್ಗಿಸಿದ. ಕೆಡಿಸಿದ್ದು ನಾನು ಎನ್ನುವಾಗಲೂ ಅಷ್ಟು ನಾಚಿಕೊಂಡಿರಲಿಲ್ಲ. "ಆ ಕಡೆ ತುದಿಗೆ ಕೈ ಹೋಗ್ಲಿಲ್ಲ. ನಾಲ್ಕು ಬೆರಳಿನಷ್ಟು ಹಾಗೇ ಬಿಟ್ಟೆ. ಅದಕ್ಕೇ ಫೋಟೋನ ಈ ಕಡೆಯಿಂದ ತೆಗೆದದ್ದು. ಯಾರಿಗೂ ಹೇಳ್ಬೇಡಿ."

"ಎಲ್ಲರಿಗೂ ಹೇಳ್ತೀನಿ," ಎಂದು ನಾನು ಎದ್ದೆ. "ಅಷ್ಟು ಚರ್ಮ ಉಳಿದಿದ್ರೆ ಪೂರ್ತಿ ಮೊದಲಿನಿಂದ ಕಟ್ಟಬೇಕಾಗಿಲ್ಲ. ನಡಿ."

"ಸಾಹೇಬ್ರಿಗೆ ನಾನೇ ಹೇಳ್ತೀನಿ ಅಕ್ಕ. ನೀವು ಹೇಳಿದ್ರೆ ಚಾಡಿ ಹೇಳಿದ ಹಾಗಾಗುತ್ತೆ."

ಅವನು ಕಂಟ್ರೋಲ್ ರೂಮಿನ ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟ. ಪುಡಿ, ಎರಡು ದಿನ, ಮೀಸೆ, ನಾಲ್ಕು ಬೆರಳು. ಪಾಯಿಂಟ್ ಸಾಹೇಬರ ಕೈ ಫೋನಿನ ಮೇಲಿತ್ತು, ಡಾಕ್ಟರಿಗೆ ಮಾಡಲೆಂದು. ಅದನ್ನು ಹಾಗೇ ಇಟ್ಟು ಕನ್ನಡಕ ತೆಗೆದರು. ಈಗ ಸಿಡಿಲು ಬೀಳುತ್ತದೆ ಎಂದು ನಾನು ಕಾದೆ.

"ಎರಡು ದಿನ ನೀನು ಏನು ಮಾಡ್ತಿದ್ದೀಯ ಅಂತ ನಾನು ಕೆಳಗೆ ಬಂದು ನೋಡ್ಲಿಲ್ಲ," ಎಂದರು. "ಮೇಡಂ, ಮೊದಲ ವರ್ಷದ ಲಾಗ್ ಪುಸ್ತಕ ಎಲ್ಲಿದೆ?"

ಕಪಾಟಿನ ಕೆಳಗಿನ ಅರೆಯಲ್ಲಿತ್ತು. ನನ್ನದೇ ಅಕ್ಷರ, ಆಗ ಇನ್ನೂ ದುಂಡಗಿತ್ತು. ಆಕ್ಸಿಜನ್, ಏಳುನೂರು ವಾಟ್. ಮೊದಲ ಗಂಟೆ ಬದಲಾವಣೆ ಇಲ್ಲ. ಎರಡನೇ ಗಂಟೆ ಇಲ್ಲ. ಮೂರನೇ ಗಂಟೆಯಿಂದ ಏರಿಕೆ.

"ನಮ್ಮ ಮೈಕ್ರೋವೇವ್ ಟ್ಯೂಬು ಆಗ ಹೊಸದು," ಎಂದರು ಸಾಹೇಬರು. "ಈಗ ಅದಕ್ಕೂ ಹನ್ನೊಂದು. ನಾಲ್ಕುನೂರರಲ್ಲಿ ಆರಾಮಾಗಿ ನಡೀತಿದೆ. ಏಳುನೂರಕ್ಕೆ ಏರಿಸಿ ಸುಟ್ಟರೆ ಹೊಸದು ಬರೋಕೆ ಮೂರು ವಾರ. ಮುಂದಿನ ವಾರದ ಹತ್ತು ಜನ ಬಾಗಿಲಲ್ಲೇ ನಿಲ್ತಾರೆ."

ಪರದೆಯ ಮೇಲೆ ನೂರ ಹದಿನೇಳು, ನೂರ ಹದಿನೆಂಟು.

"ಐನೂರೈವತ್ತು," ಎಂದರು ಕೊನೆಗೆ. "ಅದಕ್ಕಿಂತ ಮೇಲೆ ಹೋಗಲ್ಲ. ಟ್ಯೂಬಿನ ಉಷ್ಣಮಾಪಕ ನಿಧಾನ, ಅದು ಹೇಳೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ. ಹೊಳಪಣ್ಣ, ನೀನು ಟ್ಯೂಬಿನ ಕ್ಯಾಬಿನೆಟ್ ಹತ್ರ ನಿಂತು, ಅದನ್ನ ತಣಿಸೋ ನೀರಿನ ಪೈಪಿನ ಮೇಲೆ ಕೈ ಇಟ್ಟಿರು. ಹಾಲಿನ ಶಾಖ ಕೈಯಲ್ಲೇ ಹೇಳ್ತಿದ್ದೆ ಅಂತೀಯಲ್ಲ."

"ಹೇಳ್ತೀನಿ ಸಾರ್. ಎಷ್ಟಾದ್ರೆ ಕೂಗ್ಬೇಕು?"

"ಕೈ ಇಟ್ಕೊಳ್ಳೋಕೆ ಆಗ್ದೇ ಇದ್ದಾಗ."

ಹನ್ನೆರಡೂ ಹತ್ತಕ್ಕೆ ಮೀಥೇನ್ ನಿಲ್ಲಿಸಿ ಆಕ್ಸಿಜನ್ ಬಿಟ್ಟೆವು.

ಇಲ್ಲಿಂದ ನಾವು ಕುರುಡರು. ಒಳಗೆ ಕಾರ್ಬನ್ ಇಲ್ಲವಾದ್ದರಿಂದ ನಮಗೆ ಬೇಕಾದ ಸಂಖ್ಯೆ ಪರದೆಯ ಮೇಲೆ ಬರುವಂತಿಲ್ಲ. ಮತ್ತೆ ಮೀಥೇನ್‌ಗೆ ತಿರುಗಿಸಿ ನೋಡೋಣವೆಂದರೆ ಒಂದೊಂದು ಸಲಕ್ಕೆ ಅರ್ಧ ಗಂಟೆ ಹಾಳು. ಇದ್ದ ಸುಳಿವೊಂದೇ, ಆಕ್ಸಿಜನ್ ಅಯಾನುಗಳ ಅಳತೆ. ಅದು ತೊಂಬತ್ತರಲ್ಲಿ ಕಚ್ಚಿಕೊಂಡು ಕೂತಿತ್ತು.

ಹನ್ನೆರಡೂವರೆಗೆ ಮೊದಲ ಕಿಡಿ ಹಾರಿತು. ಅಯಾನುಗಳನ್ನು ಹೊರಗೆಳೆಯುವ ಹೈ ವೋಲ್ಟೇಜ್ ಟಪ್ಪೆಂದು ಬಿದ್ದು, ಎಲ್ಲ ಸೊನ್ನೆ. ಮತ್ತೆ ಒಂದೊಂದಾಗಿ ಏರಿಸಿ ನಿಲ್ಲಿಸುವ ಹೊತ್ತಿಗೆ ನಾಲ್ಕು ನಿಮಿಷ. ಹನ್ನೆರಡೂ ಐವತ್ತಕ್ಕೆ ಇನ್ನೊಂದು. ಎರಡು ಗಂಟೆಯೊಳಗೆ ಒಂಬತ್ತು ಎಣಿಸಿದೆ. ಪ್ರತಿ ಸಲವೂ ಸಾಹೇಬರ ಕೈ ಗುಂಡಿಯಿಂದ ಗುಂಡಿಗೆ ಸಾವಧಾನವಾಗಿ ಸರಿಯುತ್ತಿತ್ತು.

"ಹೊಳಪಣ್ಣ, ಪೈಪು?"

ಸ್ಪೀಕರಿನಲ್ಲಿ ಅವನ ದನಿ: "ಕುಡಿಯೋ ಟೀ ಥರ ಇದೆ ಸಾರ್."

"ಯಾರು ಕುಡಿಯೋ ಟೀ? ನೀನು ಕುದಿಯೋದನ್ನೇ ಕುಡೀತೀಯ."

"ಅಕ್ಕ ಕುಡಿಯೋ ಟೀ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಆರಿಸಿ ಕುಡಿಯುವವಳು. ಅವರು ಇನ್ನಿಪ್ಪತ್ತು ವಾಟ್ ಏರಿಸಿ ಐನೂರೈವತ್ತಕ್ಕೆ ಮುಟ್ಟಿಸಿದರು.

ಊಟದ ನೆನಪು ಯಾರಿಗೂ ಬರಲಿಲ್ಲ. ಮೂರು ಗಂಟೆಗೆ ಮೇಲಿನ ಹುಡುಗಿ ಮತ್ತೆ ಫೋನ್ ಮಾಡಿ, ಏನೂ ಕೇಳದೆ, "ಇಲ್ಲೇ ಇದ್ದೀವಿ ಅಮ್ಮಾ," ಎಂದಷ್ಟೇ ಹೇಳಿ ಇಟ್ಟಳು. ಮೂರೂ ಹತ್ತಕ್ಕೆ ತೊಂಬತ್ತು ತೊಂಬತ್ತಾರಾಯಿತು. ಮೂರೂವರೆಗೆ ನೂರ ನಾಲ್ಕು. ಕಿಡಿಗಳು ದೂರ ದೂರವಾದವು. ನಾನು ಉಸಿರು ಬಿಟ್ಟರೆ ಅದು ಕೆಳಗಿಳಿದೀತೋ ಎಂಬಂತೆ ಕೂತಿದ್ದೆ.

"ಯಾವಾಗ ತಿರುಗಿಸೋದು?" ಎಂದರು ಸಾಹೇಬರು. ನನ್ನನ್ನು ಕೇಳಿದರೋ, ತಮ್ಮನ್ನೇ ಕೇಳಿಕೊಂಡರೋ. ಬೇಗ ತಿರುಗಿಸಿದರೆ ಚರ್ಮ ಎಳೆಯದು. ತಡವಾದರೆ ಕಾರ್ಬನ್ ಹದಕ್ಕೆ ಬರಲು ಹೊತ್ತಿಲ್ಲ. ಐದೂಕಾಲರ ಹೊತ್ತಿಗೆ ಡ್ರೈವರ್ ಹಲಗೆಯ ಮೇಲಿರಬೇಕು.

"ನಾಲ್ಕು," ಎಂದೆ.

"ನಾಲ್ಕೂವರೆ."

ನೂರ ಎಂಟು, ನೂರ ಹನ್ನೊಂದು. ನಾಲ್ಕೂಕಾಲಿಗೆ ಅವರು ನನ್ನ ಕಡೆ ತಿರುಗದೆ ಕೈ ಚಾಚಿದರು; ನಾನು ಮೀಥೇನ್ ಕವಾಟದ ಬೀಗದ ಕೈ ಕೊಟ್ಟೆ.

ನಾಲ್ಕೂವರೆಗೆ ಕಾರ್ಬನ್ ನೂರ ಇಪ್ಪತ್ತಾರು. ನಾಲ್ಕೂ ನಲವತ್ತಕ್ಕೆ ನೂರ ಮೂವತ್ತೈದು. ಐದಕ್ಕೆ ಐದು ನಿಮಿಷವಿದ್ದಾಗ ನೂರ ನಲವತ್ತನಾಲ್ಕು, ಅಲ್ಲಿಗೆ ನಿಂತಿತು. ಸಾಹೇಬರು ಆಯಸ್ಕಾಂತ ಮುಟ್ಟಿದರು, ನಲವತ್ತೆರಡಾಯಿತು. ಮೊದಲಿದ್ದಲ್ಲಿಗೇ ತಂದರು, ಮತ್ತೆ ನಲವತ್ತನಾಲ್ಕು.

ಸ್ಪೀಕರಿನಲ್ಲಿ ಹೊಳಪಣ್ಣ ಕೆಮ್ಮಿದ. "ಸಾರ್, ತಪ್ಪು ತಿಳ್ಕೋಬೇಡಿ. ಆಕ್ಸಿಜನ್ನು ಪೂರ್ತಿ ನಿಲ್ಲಿಸಿಬಿಟ್ರಾ?"

"ಹೌದು. ಯಾಕೆ?"

"ಚೂರು ಬಿಟ್ಟಿದ್ರೆ ಆ ಚರ್ಮ ಕಟ್ಕೊಳ್ತಾನೇ ಇರುತ್ತಲ್ವಾ ಅಂತ. ನನಗೇನೂ ಗೊತ್ತಿಲ್ಲ. ಸುಮ್ನೆ ಕೇಳಿದೆ."

ಸಾಹೇಬರು ಒಂದು ಕ್ಷಣ ಸ್ಪೀಕರನ್ನೇ ನೋಡಿದರು. ಆಮೇಲೆ ಆಕ್ಸಿಜನ್ ಕವಾಟವನ್ನು ಕೂದಲೆಳೆಯಷ್ಟು ತೆರೆದರು. ನಲವತ್ತಾರು. ಇನ್ನೊಂದೆಳೆ. ನಲವತ್ತೊಂಬತ್ತು. ಐವತ್ತೊಂದು. ನಲವತ್ತೊಂಬತ್ತು. ಐದೂ ಹನ್ನೊಂದಕ್ಕೆ ನೂರೈವತ್ಮೂರು, ಅಲುಗಲಿಲ್ಲ.

"ಮೂವತ್ತೊಂದು ಪಾಯಿಂಟ್ ನಾಲ್ಕು ನಿಮಿಷ," ಎಂದರು. "ನಡುವೆ ಕಿಡಿ ಹಾರಿದ್ರೆ ಅದರ ಮೇಲೆ ನಾಲ್ಕು. ಅವರಿಗೆ ಆಗುತ್ತಾ ಕೇಳಿ ಮೇಡಂ. ಬಚ್ಚಿಡದೆ ಹೇಳಿ."

ಮೇಲಕ್ಕೆ ಫೋನ್ ಮಾಡಿದೆ. ಡಾಕ್ಟರು ಒಪ್ಪಿದರು, ರೋಗಿ ಒಪ್ಪಿದರೆ. ಹುಡುಗಿ ಡ್ರೈವರಿಗೆ ಕೊಟ್ಟಳು.

"ನೀವೇನಾ ಅಮ್ಮ ಕೆಳಗಿನ ಮನೆಯವರು?"

"ಹೌದಪ್ಪ. ಇವತ್ತು ನಮ್ಮ ಗಾಡಿ ನಿಧಾನ. ಮೂವತ್ತೆರಡು ನಿಮಿಷ ಹಿಡಿಯುತ್ತೆ. ನಡುವೆ ನಿಂತ್ರೆ ಇನ್ನೂ ನಾಲ್ಕೋ ಎಂಟೋ. ಮುಖವಾಡ ಬಿಚ್ಚೋ ಹಾಗಿಲ್ಲ. ಆಗುತ್ತಾ?"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ನನ್ನ ರೂಟಲ್ಲಿ ಒಂದು ಟ್ರಿಪ್ಪು ಮೂವತ್ತೈದು ನಿಮಿಷ ಅಮ್ಮ. ನಡುವೆ ಇಳಿದು ಹೋಗೋಕೆ ಅಲ್ಲೂ ಆಗಲ್ಲ. ಕೆಮ್ಮು ಬಂದ್ರೆ ಮಾತ್ರ ನನ್ನ ಕೈಲಿಲ್ಲ, ಮೊದಲೇ ಹೇಳಿರ್ತೀನಿ."

ಹಿಂದಿನಿಂದ ಹೆಂಗಸಿನ ದನಿ: "ಬಂದ್ರೆ ನುಂಗ್ಕೋ. ಚಿಕ್ಕವನಿದ್ದಾಗ ಮಾತ್ರೆ ನುಂಗ್ದೆ ಹಾಸಿಗೆ ಕೆಳಗೆ ಬಚ್ಚಿಡ್ತಿದ್ದೆ, ಈಗ್ಲಾದ್ರೂ ಕಲಿ."

"ನೋಡಿ, ನಮ್ಮ ಕಂಡಕ್ಟರು," ಎಂದರು ಡ್ರೈವರು. "ಆಗುತ್ತೆ ಅಂತ ಬರ್ಕೊಳ್ಳಿ ಅಮ್ಮ."

ಐದೂ ಹದಿನೆಂಟಕ್ಕೆ ಕಿರಣ ಮೇಲೆ ಹೋಯಿತು.

ಮೊದಲ ಹತ್ತು ನಿಮಿಷ ಸಂಖ್ಯೆಗಳ ಹೊರತು ಯಾರ ಬಾಯಲ್ಲೂ ಏನೂ ಇಲ್ಲ. ಐವತ್ಮೂರು, ಐವತ್ನಾಲ್ಕು. ಹನ್ನೆರಡನೇ ನಿಮಿಷಕ್ಕೆ ಹುಡುಗಿ ಫೋನಿನಲ್ಲಿ ಪಿಸುಗುಟ್ಟಿದಳು, "ಅಮ್ಮಾ, ಕ್ಯಾಮೆರಾದಲ್ಲಿ ಕಾಣ್ತಿದೆ, ಮುಷ್ಟಿ ಬಿಗಿ ಹಿಡಿದಿದ್ದಾರೆ. ಗಂಟಲು ಏರಿಳೀತಿದೆ." ಆಮೇಲೆ ಏನೋ ಸರಿದಾಡಿದ ಸದ್ದು. ಒಳಗೆ ಮಲಗಿದ ರೋಗಿಯೊಡನೆ ಮಾತಾಡುವ ಮೈಕಿನ ಹತ್ತಿರ ಹೊರಗಿನವರನ್ನು ಬಿಡುವ ಹಾಗಿಲ್ಲ. ಹುಡುಗಿ ಬಿಟ್ಟಿದ್ದಳು. ಡಾಕ್ಟರು ಬೇರೆ ಕಡೆ ನೋಡಿರಬೇಕು.

"ಹಳೇ ಪೋಸ್ಟ್ ಆಫೀಸ್," ಎಂದರು ಅತ್ತಿಗೆ ಮೈಕಿನಲ್ಲಿ, ದಿನವೂ ಮಾಡುವ ಕೆಲಸ ಎಂಬಂತೆ. "ಇಬ್ಬರು ಇಳಿದ್ರು. ರೈಟ್, ಮುಂದೆ ಹೋಗ್ಲಿ. ಬೇಕರಿ ಸ್ಟಾಪು. ಯಾರೂ ಇಲ್ಲ, ನಿಲ್ಲಿಸ್ಬೇಡ. ಶಾಲೆ ಹತ್ರ ನಿಧಾನ. ಮಕ್ಕಳು ದಾಟ್ತಿದ್ದಾರೆ, ಹಾರ್ನ್ ಹೊಡೀಬೇಡ."

ಸಾಹೇಬರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ನೂರೈವತ್ತೇಳು.

ಹತ್ತೊಂಬತ್ತನೇ ನಿಮಿಷಕ್ಕೆ ಟಪ್ಪೆಂದಿತು. ಎಲ್ಲ ಸೊನ್ನೆ.

"ಏನಾಯ್ತಮ್ಮಾ?" ಹುಡುಗಿಯ ದನಿ ಒಡೆದಿತ್ತು.

"ಸಿಗ್ನಲ್ ಬಿದ್ದಿದೆ ಅಂತ ಅತ್ತಿಗೆಗೆ ಹೇಳು. ನಾಲ್ಕು ನಿಮಿಷ."

"ರೈಲ್ವೆ ಗೇಟು ಹಾಕ್ಬಿಟ್ರು," ಎಂದರು ಅತ್ತಿಗೆ ಒಂದು ಚಣವೂ ತಡೆಯದೆ. "ಗೂಡ್ಸ್ ಗಾಡಿ, ಉದ್ದ ಇದೆ. ಎಂಜಿನ್ ಆಫ್ ಮಾಡು. ಹಿಂದಿನ ಸೀಟಿನ ಮುದುಕ ಬೈತಿದ್ದಾನೆ, ಬೈಲಿ ಬಿಡು."

ಸಾಹೇಬರ ಬೆರಳುಗಳು ಗುಂಡಿಗಳ ಮೇಲೆ ಸರಿದವು. ಹತ್ತು ಸಾವಿರ ವೋಲ್ಟ್. ಹದಿನೈದು. ಅಲ್ಲಿ ಮತ್ತೆ ಕಿಡಿ, ಮತ್ತೆ ಸೊನ್ನೆ. ಗಡಿಯಾರದಲ್ಲಿ ಐದೂ ನಲವತ್ತು. ಮತ್ತೊಮ್ಮೆ ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತಕ್ಕೆ ಅವರು ಕೈ ತೆಗೆದು ಕಾದರು. ನಾನಾಗಿದ್ದರೆ ಅವಸರದಲ್ಲಿ ಏರಿಸಿಬಿಡುತ್ತಿದ್ದೆ. ಅವರು ಪೂರ್ತಿ ಒಂದು ನಿಮಿಷ ಕಾದು ಇಪ್ಪತ್ನಾಲ್ಕಕ್ಕೆ ಒಯ್ದರು. ನಿಂತಿತು. ನೂರೈವತ್ತೆಂಟು.

"ಗೇಟು ತೆಗೆದ್ರು," ಎಂದೆ ಫೋನಿನಲ್ಲಿ. ಐದೂ ನಲವತ್ಮೂರು. ಇನ್ನು ಹನ್ನೆರಡು ನಿಮಿಷದ ಕೆಲಸ.

ಅತ್ತಿಗೆ ಸೇತುವೆ ದಾಟಿಸಿದರು, ಮಾರುಕಟ್ಟೆ ದಾಟಿಸಿದರು. ಆಸ್ಪತ್ರೆ ಸ್ಟಾಪಿನಲ್ಲಿ ಒಬ್ಬ ಬಸುರಿಗೆ ಸೀಟು ಬಿಡಿಸಿದರು. ನೂರೈವತ್ತೊಂಬತ್ತು. ಒಂದು ಸಲ ಡ್ರೈವರನ ಗಂಟಲು ಗೊರಗುಟ್ಟಿದ್ದು ಮೈಕಿನಲ್ಲಿ ಕೇಳಿಸಿತು. ಅತ್ತಿಗೆಯ ಮಾತು ನಿಂತಿತು. ಆಮೇಲೆ ಆಕೆ, ದನಿ ಸ್ವಲ್ಪ ತಗ್ಗಿಸಿ, "ನುಂಗಿದ," ಎಂದರು, ಯಾರಿಗೆ ಹೇಳಿದರೋ.

ಐದೂ ಐವತ್ತೈದಕ್ಕೆ ಯಂತ್ರ ತಾನಾಗಿ ಕಿರಣ ನಿಲ್ಲಿಸಿತು. ಕೊಡಬೇಕಾದಷ್ಟನ್ನೂ ಕೊಟ್ಟಾಗಿತ್ತು. ಸಾಹೇಬರು ಹೈ ವೋಲ್ಟೇಜ್ ಇಳಿಸಿ, ಕವಾಟಗಳನ್ನು ಮುಚ್ಚಿ, ಎದ್ದು ಹೋಗಿ ಗೋಡೆಗೆ ಹಣೆ ಒತ್ತಿ ನಿಂತರು. ನಾನು ಲಾಗ್ ಪುಸ್ತಕ ತೆರೆದು ಹೊತ್ತು ಬರೆದೆ. ಅಕ್ಷರ ಸೊಟ್ಟಗೆ ಬಂತು.

ಹೊಳಪಣ್ಣ ಕೆಳಗಿನಿಂದ ಬಂದ. ಬಲಗೈ ಅಂಗೈ ಕೆಂಪಾಗಿತ್ತು. ಮೇಲೆ ಹೋಗಿ ಅವರನ್ನು ನೋಡಿ ಬರೋಣ ಎಂದರೆ ಬರಲು ಒಪ್ಪಲಿಲ್ಲ. ಸಾಹೇಬರು ಅವನ ತೋಳು ಹಿಡಿದು ಲಿಫ್ಟಿಗೆ ಎಳೆದುಕೊಂಡು ಬಂದರು.

ಡ್ರೈವರು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಮುಖದ ತುಂಬ ಬಲೆಯ ಗುರುತು, ಕಣ್ಣು ಕೆಂಪಗೆ. ಅತ್ತಿಗೆ ಲೋಟದಲ್ಲಿ ಬಿಸಿನೀರು ಹಿಡಿದು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು.

"ಯಾರು ಸರಿಮಾಡಿದ್ದು?" ಎಂದರು ಆಕೆ ನಮ್ಮ ಮೂವರನ್ನೂ ನೋಡಿ.

"ಕೆಡಿಸಿದ್ದು ನಾನಮ್ಮ," ಎಂದ ಹೊಳಪಣ್ಣ. "ಒಳಗಿನ ಕೊಳವೆ ಚೆನ್ನಾಗಿರ್ಲಿ ಅಂತ ಉಜ್ಜಿಬಿಟ್ಟೆ. ಉಜ್ಜಬಾರದಿತ್ತು."

ಅತ್ತಿಗೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಡ್ರೈವರೂ ಲೋಟ ತಗ್ಗಿಸಿ ನೋಡಿದರು. ನಾನು ಅವನ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಂತೆ.

"ಇನ್ನೂ ಏಳು ಸಲ ಇದೆ ಇವನದು," ಎಂದರು ಅತ್ತಿಗೆ. "ಅಲ್ಲಿವರೆಗೆ ಏನನ್ನೂ ಉಜ್ಜಬೇಡಪ್ಪ. ಕೈ ಸುಮ್ನಿರಲ್ಲ ಅಂದ್ರೆ ನಮ್ಮನೆಗೆ ಬಾ, ಪಾತ್ರೆ ಬೇಕಾದಷ್ಟಿವೆ."

ಡ್ರೈವರು ನಕ್ಕರು, ನಗು ಕೆಮ್ಮಿಗೆ ತಿರುಗಿತು. ಈಗ ಎಷ್ಟು ಬೇಕಾದರೂ ಕೆಮ್ಮಬಹುದಿತ್ತು. ಚೆನ್ನಾಗಿ, ಮನಸಾರೆ ಕೆಮ್ಮಿದರು. ಅವರು ಕೆಮ್ಮುತ್ತಿರುವಾಗಲೇ ಆರು ಗಂಟೆಗೆ ಲೈನ್ ಹೋಗಿ ಕಾರಿಡಾರು ಮಬ್ಬಾಯಿತು. ಲಿಫ್ಟೂ ನಿಂತಿತು. ಹುಡುಗಿ ಟಾರ್ಚು ತಂದು ಮೆಟ್ಟಿಲಿನ ಮೇಲೆ ಬೆಳಕು ಬಿಟ್ಟಳು. ಅತ್ತಿಗೆ ಮೈದುನನ ಎಡಗೈ ಹಿಡಿದರು. ಬಲಗೈಯನ್ನು ಯಾರೂ ಹೇಳದೆ ಹೊಳಪಣ್ಣ ಹಿಡಿದುಕೊಂಡ, ಮೂವರೂ ಒಂದೊಂದೇ ಮೆಟ್ಟಿಲು ಇಳಿದರು.